ಫೋಂಡಾದಿಂದ ಘಟ್ಟ ಹತ್ತುವ ಕೆಟ್ಟ ಕಾರು

ಪಣಜಿ–ಬೆಳಗಾವಿ ನಡುವಿನ ರಾಷ್ಟ್ರೀಯ ಹೆದ್ದಾರಿ 748ರಲ್ಲಿ ಫೋಂಡಾ ಒಂದು ಹೊಸ್ತಿಲು. ಪಣಜಿಯ ಕಡೆಗೆ ಮಂಗೇಶಿ, ಮಾರ್ದೋಳಗಳ ದೇವಾಲಯಗಳು. ಬೆಳಗಾವಿಯ ಕಡೆಗೆ ಖಾಂಡೇಪಾರ್ ಸೇತುವೆ, ಉಸಗಾಂವದ ತಿಸ್ಕ್, ಧಾರಬಾಂದೋಡಾ, ಮೊಲೆಂ. ಮೊಲೆಂ ದಾಟಿದರೆ ಅನಮೋಡ ಘಟ್ಟ, ಅದರ ನೆತ್ತಿಯ ಮೇಲೆ ಕರ್ನಾಟಕ. ಪೋರ್ಚುಗೀಸರ ಕೈಸೇರುವ ಮುನ್ನ ಈ ಸೀಮೆ ಶಿರಸಿ ಸಮೀಪದ ಸೋದೆ ಅರಸರದಾಗಿತ್ತು. 1763ರಲ್ಲಿ ಹೈದರಾಲಿಯ ಸೈನ್ಯ ಸೋದೆಯನ್ನು ಮುತ್ತಿದಾಗ ಅಲ್ಲಿನ ಅರಸ ಘಟ್ಟವಿಳಿದು ಗೋವೆಯಲ್ಲಿ ಆಶ್ರಯ ಪಡೆದನು. ಕನ್ನಡದವರಿಗೆ ಈ ಏರಿಳಿತ ಹೊಸದಲ್ಲ.

ಇಂದು ಏರುವವರು ರಜೆಗೆ ಊರಿಗೆ ಹೊರಟ ಕುಟುಂಬಗಳು. ಹಳೆಯ ಕಾರು, ಹಿಂದಿನ ಆಸನದಲ್ಲಿ ಮಕ್ಕಳು, ಮೇಲೆ ಗಂಟುಮೂಟೆ. ಇಂಥ ಕಾರು ಫೋಂಡಾ ದಾಟುವಷ್ಟರಲ್ಲಿ ಕೆಟ್ಟು ನಿಂತರೆ ಯಜಮಾನನ ಮನಸ್ಸು ಮೊದಲು ಹರಿಯುವುದು ಹಗ್ಗದ ಕಡೆಗೆ. ಪರಿಚಯದ ಮೆಕ್ಯಾನಿಕ್ ಊರಿನಲ್ಲಿದ್ದಾನೆ, ಸ್ನೇಹಿತನ ಪಿಕಪ್ ಇದೆ, ಖರ್ಚೂ ಉಳಿಯುತ್ತದೆ. ರಸ್ತೆಬದಿಯ ಕ್ರೇನಿನ ಚಾಲಕನೊಡನೆ ನಡೆಯುವ ಮಾತು ಬಹುಮಟ್ಟಿಗೆ ಹೀಗಿರುತ್ತದೆ:

“ಅಣ್ಣಾ, ಹಗ್ಗಾ ಕಟ್ಟಿ ಜಗ್ಗಿದ್ರ ಸಾಕಲ್ಲ? ಖಾನಾಪುರ ತನಕ ಅಷ್ಟ.”

“ಏರಿನಾಗ ಹಗ್ಗ ಜಗ್ಗತೈತ್ರಿ ಸಾಹೇಬ್ರ. ಇಳಕಲಿನಾಗ ನಿಮ್ಮ ಗಾಡಿ ನಿಲ್ಲಸೋರು ಯಾರ್ರಿ?”

ಈ ಪ್ರಶ್ನೆಗೆ ಉತ್ತರವಿಲ್ಲ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕಿಗೆ ಬಲ ಕೊಡುವ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಬಳಿಕ ಪೆಡಲು ಕಲ್ಲಿನಂತಾಗುತ್ತದೆ. ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಮುಂದಿನ ವಾಹನ ತಿರುವಿನಲ್ಲಿ ಥಟ್ಟನೆ ನಿಂತರೆ ಹಿಂದಿನದು ಅದರ ಬೆನ್ನಿಗೇ ಬಂದು ಬೀಳುತ್ತದೆ. 1989ರ ರಸ್ತೆ ನಿಯಮಾವಳಿ ಇದನ್ನು ಬಲ್ಲದ್ದಾಗಿತ್ತು. ಎಳೆಯಲ್ಪಡುವ ವಾಹನದ ಚಾಲಕನ ಆಸನದಲ್ಲಿ ಪರವಾನಗಿ ಉಳ್ಳವನು ಇರಬೇಕು, ಇಲ್ಲವೇ ಅದರ ತಿರುಗುವ ಚಕ್ರಗಳನ್ನು ನೆಲದಿಂದ ಮೇಲೆತ್ತಿ ಭದ್ರವಾಗಿ ಹಿಡಿದಿರಬೇಕು. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ವೇಗ ಗಂಟೆಗೆ 24 ಕಿಲೋಮೀಟರ್ ದಾಟಬಾರದು ಎಂದು ಅದು ವಿಧಿಸಿತ್ತು. ಆ ನಿಯಮಾವಳಿಯ ಸ್ಥಾನಕ್ಕೆ 2017ರಲ್ಲಿ ಹೊಸದು ಬಂದಿದೆ. ಅನಮೋಡದ ತಿರುವುಗಳು ಬದಲಾಗಿಲ್ಲ. 2025ರ ಜುಲೈ ಮಳೆಗೆ ಆ ಘಟ್ಟದ ರಸ್ತೆಯ ಒಂದು ಭಾಗವೇ ಕುಸಿದಿತ್ತು.

ಆದ್ದರಿಂದ ಮುಂದಿನ ಚಕ್ರಗಳನ್ನು ಎತ್ತಿ ಒಯ್ಯುವುದೇ ಸರಿ. ನಮ್ಮ ಕಡೆ ಈ ಕೆಲಸ ಸಾಮಾನ್ಯವಾಗಿ ಕ್ರೇನಿನದು. ಅಮೆರಿಕದಲ್ಲಿ ಮನೆ ಬದಲಿಸುವವರು ‘ಟೋ ಡಾಲಿ’ ಎಂಬ ಎರಡು ಚಕ್ರದ ತಗ್ಗು ಬಂಡಿಯನ್ನು ಬಾಡಿಗೆಗೆ ಪಡೆದು ತಮ್ಮ ವಾಹನದ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. ಕಾರಿನ ಮುಂಗಾಲು ಬಂಡಿಯ ಮೇಲೆ, ಹಿಂಗಾಲು ನೆಲದ ಮೇಲೆ. ಕಟ್ಟುವ ವಿದ್ಯೆ ಎರಡಕ್ಕೂ ಒಂದೇ.

ಮೊದಲು ತಿಳಿಯಬೇಕಾದದ್ದು ಎಂಜಿನ್ ಯಾವ ಚಕ್ರಗಳನ್ನು ತಿರುಗಿಸುತ್ತದೆ ಎಂಬುದು. ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದು ಮುಂದಿನ ಚಕ್ರ. ಅವನ್ನು ಎತ್ತಿದರೆ ಗೇರ್‌ಪೆಟ್ಟಿಗೆ ಸುಮ್ಮನಿರುತ್ತದೆ. ಹಿಂದಿನ ಚಕ್ರ ತಿರುಗುವ ಜೀಪು ಜಾತಿಯ ವಾಹನಗಳನ್ನು, ನಾಲ್ಕೂ ಚಕ್ರ ತಿರುಗುವವನ್ನು ಹಾಗೆ ಎಳೆಯಲಾಗದು. ಅವು ಚಪ್ಪಟೆ ಹಾಸಿನ ಲಾರಿಯ ಮೇಲೇ ಹೋಗಬೇಕು. ಆಟೋಮ್ಯಾಟಿಕ್ ಗೇರಿನ ಕಾರಿನಲ್ಲಿ ಈ ತಪ್ಪು ಇನ್ನೂ ದುಬಾರಿ: ಎಂಜಿನ್ ಓಡದಿದ್ದರೆ ಒಳಗಿನ ಎಣ್ಣೆಯ ಪಂಪು ಓಡದು, ಗೇರುಗಳು ಒಣಗಿಯೇ ತಿರುಗಿ ಸವೆಯುತ್ತವೆ.

ಏರಿಸುವ ಜಾಗ ಸಮತಟ್ಟಾಗಿರಬೇಕು, ಎರಡೂ ವಾಹನಗಳು ಒಂದೇ ಗೆರೆಯಲ್ಲಿರಬೇಕು. ಉಕ್ಕಿನ ತಂತಿಯಿಂದ ಎಳೆಯುವಾಗ ಆ ತಂತಿಯ ಸಾಲಿನಲ್ಲಿ ಯಾರೂ ನಿಲ್ಲಬಾರದು, ಮಕ್ಕಳಂತೂ ರಸ್ತೆಯ ಆಚೆಗಿರಬೇಕು. ಟೈರು ಮುಂದಿನ ತಡೆಗೆ ತಾಗಿದ ಮೇಲೆ ಪಟ್ಟಿ ಹಾಕುವುದು. ಪಟ್ಟಿ ಟೈರಿನ ನೆತ್ತಿಯ ಮೇಲೆ ತಿರುಚದೆ ಮಲಗಬೇಕು. ಬಂಪರಿಗೆ ಕೊಕ್ಕೆ ಹಾಕುವುದು ಶುದ್ಧ ಮೂರ್ಖತನ, ಅದು ಬರಿಯ ಪ್ಲಾಸ್ಟಿಕ್ಕು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿಗಿಯುತ್ತ ಬಂದರೆ ಕಾರು ಒಂದು ಮಗ್ಗುಲಿಗೆ ವಾಲದು. ಡಾಲಿಯಾದರೆ ಸಿಕ್ಕಿಸಿದ ಕೊಂಡಿಯ ಕೆಳಗೆ ಎರಡು ರಕ್ಷಣಾ ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಯಿಸುತ್ತಾರೆ. ಕೊಂಡಿ ಕಳಚಿದರೂ ಬಂಡಿಯ ಮೂತಿ ಆ ತೊಟ್ಟಿಲಲ್ಲಿ ನಿಲ್ಲುತ್ತದೆ, ರಸ್ತೆಗೆ ಕುತ್ತದು.

ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಹ್ಯಾಂಡ್‌ಬ್ರೇಕ್. ಇಡೀ ಕಾರು ಲಾರಿಯ ಮೇಲಿದ್ದರೆ ಅದನ್ನು ಎಳೆದಿಡಬೇಕು. ಹಿಂದಿನ ಚಕ್ರ ನೆಲದಲ್ಲಿ ಉರುಳುವುದಾದರೆ ಬಿಡಬೇಕು. ಬಿಡಲು ಮರೆತರೆ ಖಾಂಡೇಪಾರ್ ಸೇತುವೆ ಬರುವಷ್ಟರಲ್ಲಿ ರಬ್ಬರು ಸುಟ್ಟ ವಾಸನೆ ಹೊಡೆಯುತ್ತದೆ.

ಕಾರಿನೊಳಗೆ ಯಾರೂ ಕೂರಬಾರದು. ಅಜ್ಜಿಗೆ ಕಾಲುನೋವು, ಮಗು ನಿದ್ದೆಯಲ್ಲಿದೆ ಎಂಬ ವಾದಗಳು ಇಲ್ಲಿ ನಿಲ್ಲವು. ಬೋರಿ ಸೇತುವೆಯ ಆಚೆ, ವೆರ್ಣಾದಲ್ಲಿ, ಕೊಂಕಣ ರೈಲ್ವೆ 2025ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕೋಲಾಡ್‌ವರೆಗೆ ಕಾರುಗಳನ್ನು ರೈಲಿನ ಮೇಲೆ ಒಯ್ಯುವ ಸೇವೆ ತೆರೆಯಿತು. ಲಾರಿಗಳನ್ನು ಹೀಗೆ ಒಯ್ಯುವುದನ್ನು 1999ರಲ್ಲೇ ಆರಂಭಿಸಿದ್ದ ಸಂಸ್ಥೆ ಅದು. ಅಲ್ಲಿಯೂ ಕಾರಿನ ಜನರಿಗೆ ಬೇರೆ ಬೋಗಿ. ಕಟ್ಟಿಹಾಕಿದ ಕಾರಿನೊಳಗೆ ಪ್ರಯಾಣವಿಲ್ಲ.

ವಿಮೆಯ ಮಾತೂ ಒಂದಿದೆ. ಖಾಸಗಿ ಕಾರಿನ ಸಾಮಾನ್ಯ ವಿಮಾಪತ್ರವು ಕೆಟ್ಟ ವಾಹನವೊಂದನ್ನು ಎಳೆಯುವಾಗಲೂ ಮೂರನೆಯವರಿಗಾದ ಹಾನಿಯ ಹೊಣೆಯನ್ನು ಒಪ್ಪುತ್ತದೆ. ಆದರೆ ಹಣ ಪಡೆದು ಎಳೆದಿರಬಾರದು; ಎಳೆಯಲ್ಪಟ್ಟ ಕಾರಿಗಾದ ಹಾನಿಯನ್ನಂತೂ ಆ ಹೊಣೆಯಡಿ ಅದು ತುಂಬಿಕೊಡದು. ಸ್ನೇಹಿತ ಡೀಸೆಲ್ಲಿನ ಮೇಲೆ ನಾಲ್ಕು ಕಾಸು ಇಸಿದುಕೊಂಡನೋ ಇಲ್ಲವೋ ಎಂಬುದೇ ಮುಂದೆ ನ್ಯಾಯಮಂಡಳಿಯಲ್ಲಿ ವಾದವಾಗಬಹುದು. ಹಣ ಕೊಡುವುದಾದರೆ ಅದೇ ವೃತ್ತಿಯವನಿಗೆ ಕೊಟ್ಟು ರಸೀದಿ ಪಡೆಯುವುದು ಲೇಸು.

ಬಿಗಿದ ಪಟ್ಟಿ ಬಿಗಿಯಾಗಿಯೇ ಇರದು. ಓಟದ ಅಲುಗಿಗೆ ಟೈರು ಕುಳಿತುಕೊಳ್ಳುತ್ತದೆ, ಪಟ್ಟಿ ಸಡಿಲುತ್ತದೆ. ಬಲ್ಲ ಚಾಲಕರು ತಿಸ್ಕ್‌ನಲ್ಲಿ ಒಮ್ಮೆ ಇಳಿದು ಪಟ್ಟಿಯನ್ನು ಬೆರಳಿನಿಂದ ಮೀಟಿ ನೋಡುತ್ತಾರೆ. ಮೊಲೆಂನಲ್ಲಿ, ಕಾಡು ಆರಂಭವಾಗುವ ಮುನ್ನ, ಮತ್ತೊಮ್ಮೆ ಬಿಗಿದು, ಹಿಂದಿನ ದೀಪ ಉರಿಯುತ್ತಿದೆಯೇ ಎಂದು ಕೈಯಿಂದ ಮರೆಮಾಡಿ ಪರೀಕ್ಷಿಸಿ, ಚಹಾ ಮುಗಿಸಿ ಘಟ್ಟಕ್ಕೆ ಹೊರಡುತ್ತಾರೆ. ಮಕ್ಕಳು ಅಷ್ಟರಲ್ಲಿ ಹಿಂದಿನ ಬಸ್ಸಿನಲ್ಲಿ ಕಿಟಕಿ ಹಿಡಿದಿರುತ್ತಾರೆ.