ಅಚ್ಚು ಬದಲಿಸುವ ಮೊದಲು

ನಮ್ಮ ಗಾಡಿ ಮನೆ ಮುಂದೆ ನಿಂತು ಇವತ್ತಿಗೆ ಹನ್ನೊಂದು ದಿನ. ಟಾಟಾ 407, ಕೆಎ 05 ನಂಬರು. ಎರಡು ಕೈ ದಾಟಿ ಬಂದದ್ದನ್ನು ಸಾಲ ಮಾಡಿ ಕೊಂಡೆವು. ಹಿಂದಿನ ಅಚ್ಚಿನ ಹೌಸಿಂಗು ಸೀಳಿದೆ. ಹೋದ ವರ್ಷ ಸೀಳಿದಾಗ ವೆಲ್ಡಿಂಗ್ ಹಾಕಿಸಿದ್ದೆವು. ಈಗ ಅದರ ಪಕ್ಕದಲ್ಲೇ ಮತ್ತೆ ಬಾಯಿ ಬಿಟ್ಟು ಎಣ್ಣೆ ಸುರಿಸುತ್ತಿದೆ. ತಪ್ಪು ಕಬ್ಬಿಣದ್ದಲ್ಲ. ಹೊರಬಾರದ ಭಾರ ಹೊರಿಸಿದವರು ನಾವೇ. ಕಟ್ಟಡದ ಕಂಟ್ರಾಕ್ಟರು "ಇನ್ನೊಂದಿಪ್ಪತ್ತು ಚೀಲ ಹಾಕ್ಕೊಳ್ಳಿ, ಒಂದೇ ಟ್ರಿಪ್ಪಲ್ಲಿ ಮುಗೀಲಿ" ಅಂದರೆ, ಆಗೋದಿಲ್ಲ ಅನ್ನುವ ಗಟ್ಟಿತನ ಸಾಲದಲ್ಲಿರುವವನಿಗೆ ಎಲ್ಲಿಂದ ಬರಬೇಕು?

ಗ್ಯಾರೇಜಿನವರು ಹೇಳಿದ ದುಡ್ಡು ಕೇಳಿ ಎದ್ದು ಬಂದೆವು. ಗಾಡಿ ಓಡದೆ ಕಂತು ಕಟ್ಟುವ ಹಾಗಿಲ್ಲ, ದುಡ್ಡಿಲ್ಲದೆ ಗಾಡಿ ಓಡುವ ಹಾಗಿಲ್ಲ. ಆ ರಾತ್ರಿಯೇ ತೀರ್ಮಾನ ಮಾಡಿದೆವು: ಅಚ್ಚನ್ನು ನಾವೇ, ಮನೆ ಮುಂದೆಯೇ ಬದಲಿಸುವುದು. ನಮ್ಮಲ್ಲಿ ದೊಡ್ಡವನು ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದವನು. ನಡುವಿನವನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ, ಮೂರು ವರ್ಷ ಗ್ಯಾರೇಜಿನಲ್ಲಿ ದುಡಿದವನು. ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಇಷ್ಟು ಸಾಲದೇ?

ಸಾಲದು. ಯಾಕೆ ಸಾಲದು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಮ್ಮದು ಜೆ.ಪಿ. ನಗರಕ್ಕೆ ಅಂಟಿಕೊಂಡ ಸಾರಕ್ಕಿ ಕಡೆಯ ಓಣಿ. ನಮ್ಮ ತಾತ ಕನಕಪುರದ ಕಡೆಯಿಂದ ಬಂದು, 1948ರಲ್ಲಿ ಅಡಿಗಲ್ಲು ಬಿದ್ದ ಜಯನಗರಕ್ಕೆ ಕಲ್ಲು ಹೊತ್ತ. ಅಪ್ಪ ಬನಶಂಕರಿಯ ಮನೆಗಳಿಗೆ ಮಣ್ಣು ಹೊತ್ತ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸೇರಿ ಬಿಟಿಎಂ ಎಂಬ ಮೂರಕ್ಷರವಾಗಿ ಎಷ್ಟೋ ಕಾಲದ ಮೇಲೆ ನಾವು ಗಾಡಿ ಕೊಂಡೆವು. ಮೂರು ತಲೆಮಾರಿನಲ್ಲಿ ಆದ ಬದಲಾವಣೆ ಇಷ್ಟೇ: ಭಾರ ತಲೆಯಿಂದ ಅಚ್ಚಿಗೆ ಇಳಿಯಿತು.

ಅಚ್ಚು ಎಂಬ ಮಾತು ನಮ್ಮ ಮನೆಗೆ ಹೊಸದಲ್ಲ. ಊರಲ್ಲಿದ್ದಾಗ ತಾತ ಗೌಡರ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದನಂತೆ. ಕಡಾಣಿ ಕೀಳುವುದು, ಚಕ್ರ ಸರಿಸುವುದು, ಅಚ್ಚಿಗೆ ಎಣ್ಣೆ ಬಳಿಯುವುದು ಅವನ ಕೆಲಸ. ಗಾಡಿ ಜಾತ್ರೆಗೆ ಹೊರಟರೆ ಮಾತ್ರ ಅವನು ಹಿಂದೆ ನಡೆದುಕೊಂಡೇ ಹೋಗಬೇಕು. ಗಾಡಿಯ ಅಡಿ ಮುಟ್ಟಬಹುದು, ಮೇಲೆ ಮುಟ್ಟಬಾರದು. ಈಗ ಗಾಡಿ ನಮ್ಮದೇ. ಆದರೂ ಎದುರು ಮನೆಯವರು ಬಂದು, "ರಸ್ತೇಲೆಲ್ಲ ಈ ಕೆಲಸ ಇಟ್ಕೋಬೇಡ್ರಪ್ಪಾ, ರಂಗೋಲಿ ಹಾಕೋ ಜಾಗ ಇದು. ನಿಮ್ಮೋರ ಕಡೆ ಎಲ್ಲಾದ್ರೂ ಮಾಡ್ಕೊಳ್ಳಿ" ಎಂದರು. ನಮ್ಮೋರ ಕಡೆ ಅಂದರೆ ಯಾವ ಕಡೆ ಎಂದು ನಾವು ಕೇಳಲಿಲ್ಲ. ಅವರೂ ಆಯುಧಪೂಜೆ ದಿನ ಕಾರಿಗೆ ಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆಯುತ್ತಾರೆ. ಅದೇ ಕಾರಿನ ಅಡಿ ತೂರಿ ಬಂದವನಿಗೆ ನೀರು ಕೊಡುವ ಲೋಟ ಬೇರೆ.

ಆದರೆ ಎಣ್ಣೆ ಚೆಲ್ಲುವ ವಿಚಾರದಲ್ಲಿ ನಾವು ಎಚ್ಚರವಾಗಿರಬೇಕು. ಅವರ ರಂಗೋಲಿಗಾಗಿ ಅಲ್ಲ. ಹೌಸಿಂಗಿನ ಹಳೇ ಎಣ್ಣೆಯನ್ನು ಮೋರಿಗೆ ಸುರಿದರೆ, ಆ ಮೋರಿ ಕಟ್ಟಿದ ದಿನ ಅದರೊಳಗೆ ಇಳಿಯುವವನು ಯಾರು? ಮನುಷ್ಯನನ್ನು ಮಲದ ಗುಂಡಿಗೆ ಇಳಿಸಬಾರದೆಂದು 2013ರಲ್ಲಿ ಕಾಯ್ದೆ ಬಂತು. ಆಮೇಲೂ ಇಳಿದು ಸತ್ತವರು ನಮ್ಮವರೇ. ಹಾಗಾಗಿ ನಮ್ಮ ಯೋಜನೆಯ ಮೊದಲ ಸಾಲು: ಎಣ್ಣೆ ಡಬ್ಬಕ್ಕೆ, ಮೋರಿಗಲ್ಲ.

ಹೌದು, ಯೋಜನೆಯನ್ನು ಬರೆದಿದ್ದೇವೆ. ಅಕ್ಕನ ಮಗನ ನೋಟ್ ಪುಸ್ತಕದಲ್ಲಿ ನಾಲ್ಕು ಪುಟ. ದೊಡ್ಡವನು ಮೊದಲು ನಕ್ಕ. "ಬೋಲ್ಟ್ ಬಿಚ್ಚಾಕೆ ಬುಕ್ ಯಾಕ್ಲಾ?" ಅಂದ. ನಮ್ಮ ಕೈ ಕೆಲಸ ಯಾವತ್ತೂ ಪುಸ್ತಕಕ್ಕೆ ಏರಲಿಲ್ಲ, ಪುಸ್ತಕ ಇದ್ದವರ ಕೈಗೆ ಯಾವತ್ತೂ ಎಣ್ಣೆ ಅಂಟಲಿಲ್ಲ. ಎರಡೂ ಒಂದೆಡೆ ಕೂಡಲಿ ಎಂದು ಬರೆದೆವು.

ಕೊಳ್ಳುವ ಮೊದಲು ಅಳೆಯಬೇಕು. ಶಿವಾಜಿನಗರದ ಗುಜರಿಯಲ್ಲಿ ಹೌಸಿಂಗು ಸಿಗುತ್ತದೆ. ಆದರೆ ನೋಡಲು ಒಂದೇ ಥರ ಕಂಡದ್ದೆಲ್ಲ ಒಂದೇ ಅಲ್ಲ. ಕಮಾನು ಪಟ್ಟಿ ಕೂರುವ ಎರಡು ಜಾಗಗಳ ನಡುವಿನ ದೂರ ಎಷ್ಟು? ಬ್ರೇಕ್ ಡ್ರಮ್ಮಿನ ಅಳತೆ, ಜಾಯಿಂಟ್ ಶಾಫ್ಟು ಕೂಡುವ ತೂತುಗಳು ಹೊಂದುತ್ತವೆಯೇ? ಎಲ್ಲಕ್ಕಿಂತ ಮುಖ್ಯ, ಹಲ್ಲಿನ ಲೆಕ್ಕ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 8 ಅಂದುಕೊಳ್ಳಿ. ಚಕ್ರ ಒಂದು ಸುತ್ತು ಬರಬೇಕಾದರೆ ಶಾಫ್ಟು ಐದು ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಈ ಲೆಕ್ಕ ಹಳೆಯದಕ್ಕೆ ಹೊಂದದಿದ್ದರೆ ಒಂದೋ ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ, ಇಲ್ಲವೇ ಎಂಜಿನ್ನು ಸುಮ್ಮನೆ ಅರಚಿ ಡೀಸೆಲ್ ಕುಡಿಯುತ್ತದೆ.

ಇಲ್ಲೇ ಜಗಳ ಹತ್ತಿದ್ದು. ದೊಡ್ಡವನಿಗೆ ಇನ್ನೂ ದೊಡ್ಡ ಲಾರಿಯ ಅಚ್ಚು ಹಾಕುವ ಆಸೆ. "ಇನ್ನೂ ಎರಡು ಟನ್ ಎಳೀತದೆ. ಸರ್ಕಾರಾನೇ ಅಚ್ಚಿನ ಭಾರ ಏರಿಸದೆ" ಅಂದ. ಏರಿಸಿದ್ದು ನಿಜ. 2018ರ ಜುಲೈನಲ್ಲಿ ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದ ಮಿತಿ 11.5 ಆಯಿತು. ಅಕ್ಕನ ಮಗ ಬಿಡಲಿಲ್ಲ. "ಮಾವ, ಅದು ರಸ್ತೆ ತಡೆಯೋ ಮಿತಿ. ನಮ್ಮ ಗಾಡಿ ಮಿತಿ ಆರ್.ಸಿ.ಯಲ್ಲಿ ಬರೆದದೆ. ಅಚ್ಚು ದಪ್ಪ ಆದ್ರೆ ಚಾಸಿಸ್ ದಪ್ಪ ಆಯ್ತದಾ? ಬ್ರೇಕು ದೊಡ್ಡದಾಯ್ತದಾ?" ಎಂದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ತೋರಿಸಿದ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾಲೀಕ ತನ್ನಿಷ್ಟಕ್ಕೆ ಮಾರ್ಪಡಿಸುವಂತಿಲ್ಲ. ಅದೇ ಜಾತಿಯ, ಅದೇ ಅಳತೆಯ ಅಚ್ಚು ಹಾಕಿದರೆ ರಿಪೇರಿ. ಬೇರೆಯದು ಹಾಕಿದರೆ ಎಫ್.ಸಿ. ದಿನ ಸಿಕ್ಕಿಬೀಳುತ್ತೇವೆ. ಕಾನೂನು ಹಾಗಿರಲಿ, ಕನಕಪುರ ರಸ್ತೆಯ ಇಳಿಜಾರಿನಲ್ಲಿ ಬ್ರೇಕು ಸಾಲದೆ ಹೋದರೆ ಮುಂದೆ ನಡೆದು ಹೋಗುತ್ತಿರುವವರು ನಮ್ಮಂಥ ಕೂಲಿಯವರೇ. ದೊಡ್ಡವನು ಸುಮ್ಮನಾದ.

ಎರಡನೇ ಜಗಳ ಜಾಕಿಯದು. ನಮ್ಮ ಹತ್ತಿರ ಜಾಕಿ ಎರಡಿವೆ, ಸ್ಟ್ಯಾಂಡಿಲ್ಲ. "ಸೈಜುಗಲ್ಲು ಪೇರಿಸಿದ್ರಾಯ್ತು" ಎಂದು ನಡುವಿನವನು ಅಂದಾಗ ಅವ್ವ ಒಳಗಿಂದ ಎದ್ದು ಬಂದಳು. ನಮ್ಮ ಚಿಕ್ಕಪ್ಪ ಸತ್ತದ್ದು ಹಾಗೇ. ಧಣಿಯೊಬ್ಬನ ಲಾರಿ, ಇಟ್ಟಿಗೆ ಮೇಲೆ ಜಾಕಿ. ಲೋಡಿಗೆ ತಡವಾಗುತ್ತದೆಂದು ಮೇಲಿಂದ ಕೂಗು. ಇಟ್ಟಿಗೆ ಹೇಳಿ ಕೇಳಿ ಒಡೆಯುವುದಿಲ್ಲ. "ನಾನೇನು ತೂರು ಅಂದಿದ್ನಾ?" ಎಂದ ಧಣಿ, ಹೆಣ ಸಾಗಿಸಲು ಇನ್ನೊಂದು ಲಾರಿ ಕೊಟ್ಟ. ದೊಡ್ಡ ಉಪಕಾರವೆಂದು ನಾವು ಕೈ ಮುಗಿದೆವು. ಆ ಕೈ ಮುಗಿದದ್ದು ಇವತ್ತಿಗೂ ನಮ್ಮನ್ನು ಸುಡುತ್ತದೆ.

"ಈಗ ಧಣಿ ಇಲ್ವಲ್ಲವ್ವ, ಗಾಡಿ ನಮ್ದೇ" ಅಂದ ನಡುವಿನವನು.

"ಧಣಿ ಇಲ್ದಿದ್ರೂ ಅವನ ಅವಸರ ನಿಮ್ಮ ತಲೇಲಿ ಅದೆ ಕಣ್ರಲಾ" ಅಂದಳು ಅವ್ವ.

ನಮಗೆ ಚಾಳೀಸ್‌ಗಾಂವ್ ನೆನಪಾಯಿತು. ಬಾಬಾಸಾಹೇಬರು ಬರೆದಿಟ್ಟ ನೆನಪುಗಳಲ್ಲಿ ಅದಿದೆ. 1929ರಲ್ಲಿ ಅವರು ಆ ಊರಿಗೆ ಇಳಿದರು. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಹೊಡೆಯಲು ಯಾರೂ ಒಪ್ಪಲಿಲ್ಲ. ತಮ್ಮ ನಾಯಕ ಕೇರಿಗೆ ನಡೆದು ಬರುವುದು ಬೇಡವೆಂದು ಕೇರಿಯವರು ಟಾಂಗಾ ಮಾತ್ರ ಬಾಡಿಗೆಗೆ ಹಿಡಿದರು. ಹೊಡೆಯಲು ಬಾರದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆಯ ಮೇಲೆ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಕುದುರೆ, ಟಾಂಗಾ ಎರಡೂ ಹೊಳೆಗೆ ಬಿದ್ದವು. ಕೇರಿಯವರ ಅಭಿಮಾನ ದೊಡ್ಡದು. ಅವರನ್ನು ಆ ಸ್ಥಿತಿಗೆ ತಂದ ಜಾತಿಯೇ ತಪ್ಪಿತಸ್ಥ. ಆದರೂ ಮಾನ ಉಳಿಸುವ ಆತುರದಲ್ಲಿ ಪ್ರಾಣದ ಲೆಕ್ಕ ತಪ್ಪಿತ್ತು. ಆ ಲೆಕ್ಕ ತಪ್ಪಿದ್ದನ್ನು ಮುಚ್ಚಿಡದೆ ಬರೆದವರು ಬಾಬಾಸಾಹೇಬರೇ.

'ನಾವೇ ಮಾಡುತ್ತೇವೆ' ಎಂಬುದು ಒಳ್ಳೆಯ ಮಾತು. ಆದರೆ ಅದರ ಜೊತೆಗೆ 'ನಮಗೆ ಇಷ್ಟು ಬರುತ್ತದೆ, ಇಷ್ಟು ಬರುವುದಿಲ್ಲ' ಎಂಬ ಮಾತೂ ಇರಬೇಕು. ಇಲ್ಲದಿದ್ದರೆ ನಮ್ಮ ಸ್ವಾಭಿಮಾನವೇ ನಮ್ಮವರನ್ನು ಅರೆಯುತ್ತದೆ.

ಹಾಗೆಂದೇ ಪುಸ್ತಕದಲ್ಲಿ ಕೆಲಸವನ್ನು ಎರಡು ಪಾಲು ಮಾಡಿದೆವು. ನಮಗೆ ಬರುವುದು: ಗಾಡಿಯನ್ನು ಸಮತಟ್ಟು ಗಟ್ಟಿ ನೆಲದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡುವುದು. ಎತ್ತುವ ಮೊದಲೇ ಚಕ್ರದ ನಟ್ಟು ಸಡಿಲಿಸುವುದು. ಸ್ಟ್ಯಾಂಡನ್ನು ಚಾಸಿಸ್ಸಿನ ಅಡಿ ಕೊಟ್ಟು, ಗಾಡಿ ಅಲುಗಾಡಿಸಿ ನೋಡಿ, ಆಮೇಲೆ ಚಕ್ರ ತೆಗೆಯುವುದು. ಶಾಫ್ಟು ಬಿಚ್ಚುವ ಮೊದಲು ಗುರುತು ಹಾಕುವುದು. ಬ್ರೇಕ್ ಪೈಪಿನ ಬಾಯಿಗೆ ಧೂಳು ಹೋಗದ ಹಾಗೆ ಮುಚ್ಚುವುದು. ಹೌಸಿಂಗಿಗೆ ಇನ್ನೊಂದು ಜಾಕಿ ಆಸರೆ ಕೊಟ್ಟ ಮೇಲೆಯೇ ಯು ಬೋಲ್ಟು ಬಿಚ್ಚುವುದು. ಹಳೇ ಯು ಬೋಲ್ಟು ಎಳೆದು ಸೋತಿರುತ್ತವೆ, ಜೆ.ಸಿ. ರಸ್ತೆಯಿಂದ ಹೊಸದು ತರುವುದು.

ನಮಗೆ ಬಾರದ್ದು: ಕ್ರೌನು ಪಿನಿಯನ್ನಿನ ಹಲ್ಲು ಸರಿಯಾಗಿ ಕಚ್ಚಿವೆಯೇ ಎಂದು ನೋಡುವುದು, ಕಮಾನಿನ ನಡುಬೋಲ್ಟು ತನ್ನ ಕುಳಿಯಲ್ಲಿ ಕೂತಿತೇ ಎಂದು ಖಾತ್ರಿ ಮಾಡುವುದು, ಬ್ರೇಕಿನ ಗಾಳಿ ಪೂರ್ತಿ ತೆಗೆಯುವುದು. ಇದಕ್ಕೆ ಕಲಾಸಿಪಾಳ್ಯದ ಉಸ್ತಾದರನ್ನು ಕರೆದಿದ್ದೇವೆ. ವಯಸ್ಸಾದವರು. ಒಂದು ದಿನದ ಕೂಲಿ ಹೇಳಿದ್ದಾರೆ, ಚೌಕಾಸಿ ಮಾಡಲಿಲ್ಲ. ಮೊದಲ ದಿನ ಖಾಲಿ ಓಡಿಸಿ, ಯು ಬೋಲ್ಟು ಮತ್ತೆ ಬಿಗಿ ಮಾಡಿ, ಆಮೇಲೆ ಅರ್ಧ ಲೋಡು ಎಂದು ಅವರೇ ಬರೆಸಿದರು. ನಮ್ಮ ಹುಡುಗ ಅವರ ಪಕ್ಕದಲ್ಲೇ ಕೂತು ಕಲಿಯಬೇಕು, ಮುಂದಿನ ಸಲ ಆ ಪಾಲೂ ನಮ್ಮದಾಗಬೇಕು. ಇದೂ ಪುಸ್ತಕದಲ್ಲಿದೆ.

ಟನ್ನಿನ ಲೆಕ್ಕ ಕೆತ್ತಿರುವ ಸ್ಟ್ಯಾಂಡುಗಳನ್ನು ಉಸ್ತಾದರೇ ಕೊಡುತ್ತೇವೆಂದಿದ್ದಾರೆ. ಸದ್ಯಕ್ಕೆ ಅವು ಇನ್ನೊಂದು ಲಾರಿಯನ್ನು ಹೊತ್ತು ನಿಂತಿವೆ. ಶನಿವಾರ ಬಿಡುವಾಗುತ್ತವೆ. ಅಲ್ಲಿಯತನಕ ಕಂತಿನವರು ಬಂದು ಬಾಗಿಲು ಬಡಿಯಲಿ, ಕಂಟ್ರಾಕ್ಟರು ಬೇರೆ ಗಾಡಿ ನೋಡಿಕೊಳ್ಳಲಿ. ಸ್ಟ್ಯಾಂಡು ಬರುವ ತನಕ ನಮ್ಮವರು ಯಾರೂ ಗಾಡಿಯ ಕೆಳಗೆ ತೂರುವುದಿಲ್ಲ.