ತಲೆಯೆತ್ತಿ ನೋಡುವ ಕೆಲಸ

1994ರಲ್ಲಿ ಬೆಂಗಳೂರಿನ ಚಂದ್ರಾ ಲೇಔಟಿನ ಒಂದು 30×40 ಸೈಟಿನ ಮನೆಯ ಮಹಡಿಯಲ್ಲಿ ನಮ್ಮ ಆಫೀಸು ಇತ್ತು. ಕಿಟಕಿ ಪಕ್ಕ ಎರಡು ಡ್ರಾಯಿಂಗ್ ಬೋರ್ಡು, ಗೋಡೆಗೊರಗಿಸಿದ ಟಿ-ಸ್ಕ್ವೇರು, ಮೂಲೆಯಲ್ಲಿ ಸುತ್ತಿಟ್ಟ ನಕ್ಷೆಗಳು. ಟ್ರೇಸಿಂಗ್ ಪೇಪರಿನ ಮೇಲೆ ಇಂಕಿನಲ್ಲಿ ಗೆರೆ ಎಳೆಯಬೇಕು, ತಪ್ಪಿದರೆ ಬ್ಲೇಡಿನಿಂದ ಪೇಪರ್ ಹರಿಯದಂತೆ ಕೆರೆಯಬೇಕು, ಸಂಜೆಯೊಳಗೆ ಅಮೋನಿಯಾ ಪ್ರಿಂಟ್ ತೆಗೆಸಿ ತರಬೇಕು. ಡಿಪ್ಲೊಮಾ ಮುಗಿಸಿ ಸೇರಿದ್ದ ನನಗೆ ಕೊಟ್ಟ ಮೊದಲ ಕೆಲಸ ಒಂದು ಗೋಡೌನಿನ ನಕ್ಷೆಯಲ್ಲಿ ಬೆಂಕಿ ನಂದಿಸುವ ಸ್ಪ್ರಿಂಕ್ಲರುಗಳ ಚುಕ್ಕೆ ಇಡುವುದು.

ಗೋಡೌನು 24 ಮೀಟರ್ ಉದ್ದ, 12 ಮೀಟರ್ ಅಗಲ. ಸಾಧಾರಣ ಅಪಾಯದ ಜಾಗಕ್ಕೆ ಒಂದು ಸ್ಪ್ರಿಂಕ್ಲರ್ 12 ಚದರ ಮೀಟರ್ ನೋಡಿಕೊಳ್ಳುತ್ತದೆ ಅನ್ನುವುದು ನಮ್ಮ ಲೆಕ್ಕ. 288ನ್ನು 12ರಿಂದ ಭಾಗಿಸಿದರೆ 24. ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು. ಒಂದರಿಂದ ಒಂದಕ್ಕೆ ಆ ಕಡೆ 4 ಮೀಟರ್, ಈ ಕಡೆ 3 ಮೀಟರ್. ಗೋಡೆಗೆ ಮಾತ್ರ ಅದರ ಅರ್ಧ, ಅಂದರೆ 2 ಮೀಟರ್ ಮತ್ತು ಒಂದೂವರೆ. ಗೋಡೆಯ ಆಚೆಯಿಂದ ನೀರು ಸುರಿಯಲು ಇನ್ನೊಂದು ಸ್ಪ್ರಿಂಕ್ಲರ್ ಇರುವುದಿಲ್ಲವಲ್ಲ, ಅದಕ್ಕೆ. ಹಬ್ಬದ ರಂಗೋಲಿಯ ಚುಕ್ಕೆಗಳಂತೆ ಇಪ್ಪತ್ತನಾಲ್ಕೂ ನೇರ ಸಾಲಿನಲ್ಲಿ ಕೂತವು.

ಪೈಪಿನ ಅಳತೆಗೆ ಅಮೆರಿಕದ ಎನ್‌ಎಫ್‌ಪಿಎ 13 ನಿಯಮಾವಳಿಯ ಪಟ್ಟಿಯನ್ನು ಬೋರ್ಡಿನ ಮೇಲೆ ಅಂಟಿಸಿಕೊಂಡಿದ್ದೆವು. 25 ಎಂಎಂ ಪೈಪಿಗೆ 2 ಸ್ಪ್ರಿಂಕ್ಲರ್, 32ಕ್ಕೆ 3, 40ಕ್ಕೆ 5, 50ಕ್ಕೆ 10, 65ಕ್ಕೆ 20, 80ಕ್ಕೆ 40. ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಈಗಲೂ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ.

ಆ ನಕ್ಷೆ ಹಿಡಿದು ಸೈಟಿಗೆ ಹೋದ ದಿನ ನನ್ನ ನಿಜವಾದ ಪಾಠ ಶುರುವಾಯಿತು. ಪೈಪ್ ಕೆಲಸದ ಮೇಸ್ತ್ರಿಗೆ ಆಗಲೇ ಐವತ್ತು ದಾಟಿತ್ತು. ಪೈಪಿನ ತುದಿಯ ತಿರುಪಿಗೆ ಸೆಣಬಿನ ನಾರು ಸುತ್ತಿ ಬಿಳಿ ಪೇಸ್ಟ್ ಹಚ್ಚಿ ಬಿಗಿಯುವ ಕಾಲದವರು. ನನ್ನ ಪ್ರಿಂಟನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ಎಲ್ಬೋ ಇಟ್ಟು, ಬಹಳ ಹೊತ್ತು ನೋಡಿದರು.

“ಚುಕ್ಕೆ ಎಲ್ಲಾ ಸರಿಯಾಗೇ ಐತೆ ಕಣಪ್ಪ. ಬೀಮ್ ಎಲ್ಲೈತೆ ಇದ್ರಲ್ಲಿ? ಒಂದ್ಸಲ ತಲೆ ಎತ್ತಿ ನೋಡು.”

ನೋಡಿದೆ. ಒಂದು ಸಾಲಿನ ನಾಲ್ಕು ಚುಕ್ಕೆಗಳು ದಪ್ಪ ಬೀಮಿನ ಮಗ್ಗುಲಿಗೇ ಬರುತ್ತಿದ್ದವು. ಇನ್ನೊಂದು ಕಡೆ ಗಾಳಿಯ ಡಕ್ಟ್ ಹಾಯಲಿತ್ತು. ಸ್ಪ್ರಿಂಕ್ಲರಿನಿಂದ ನೀರು ಛತ್ರಿಯ ಹಾಗೆ ಬಿಚ್ಚಿಕೊಂಡು ಬೀಳುತ್ತದೆ; ಪಕ್ಕದಲ್ಲೇ ಬೀಮ್ ಇದ್ದರೆ ಛತ್ರಿಯ ಒಂದು ಮಗ್ಗುಲು ಅಲ್ಲೇ ಮಡಚಿಕೊಳ್ಳುತ್ತದೆ, ಅದರಾಚೆ ನೆಲ ಒಣಗಿರುತ್ತದೆ. ಡಕ್ಟ್ 1.2 ಮೀಟರಿಗಿಂತ ಅಗಲವಿದ್ದರೆ ಅದರ ಕೆಳಗೂ ಬೇರೆ ಸ್ಪ್ರಿಂಕ್ಲರ್ ಇಡಲೇಬೇಕು. ಹಾಗಂತ ಸೂರಿನಿಂದ ತೀರಾ ಕೆಳಗೆ ಇಳಿಸುವಂತೆಯೂ ಇಲ್ಲ. ಬಿಸಿಗಾಳಿ ಮೊದಲು ಕೂಡುವುದು ಸೂರಿನ ಅಡಿಯಲ್ಲಿ. ಕೆಳಗಿಳಿದಷ್ಟೂ ಸ್ಪ್ರಿಂಕ್ಲರಿನ ಬಾಯಿ ಮುಚ್ಚಿಟ್ಟಿರುವ ಗಾಜಿನ ಬಲ್ಬ್ ಒಡೆಯುವುದು ತಡವಾಗುತ್ತದೆ. ಇದೆಲ್ಲ ಪುಸ್ತಕದಲ್ಲೂ ಇತ್ತು. ನನಗೆ ಅರ್ಥವಾದದ್ದು ಮಾತ್ರ ಆ ಸೂರಿನ ಕೆಳಗೆ ನಿಂತಾಗ. ಅವತ್ತು ರಾತ್ರಿ ಕೂತು ಇಡೀ ನಕ್ಷೆಯನ್ನು ಹೊಸದಾಗಿ ಬರೆದೆ.

ಬಲ್ಬನ್ನು ಅಂಗೈ ಮೇಲಿಟ್ಟು ತೋರಿಸಿದವರೂ ಆ ಮೇಸ್ತ್ರಿಯೇ. ಕಿರುಬೆರಳಿನ ಉಗುರಿನ ಅಗಲದಷ್ಟೂ ದಪ್ಪವಿಲ್ಲದ ಗಾಜಿನ ಕೊಳವೆ, ಒಳಗೆ ಬಣ್ಣದ ದ್ರವ, ಒಂದು ಪುಟ್ಟ ಗಾಳಿಗುಳ್ಳೆ. ಕೆಂಪಾದರೆ 68 ಡಿಗ್ರಿ ಸೆಲ್ಸಿಯಸ್ಸಿಗೆ ಒಡೆಯುತ್ತದೆ, ಹಸಿರಾದರೆ 93ಕ್ಕೆ. ಆಫೀಸಿಗೆ ಕೆಂಪು, ಒಲೆಯ ಕಾವಿರುವ ಕಡೆ ಹಸಿರು. ಯಾವ ಬಲ್ಬಿಗೆ ಕಾವು ತಟ್ಟುತ್ತದೋ ಅದೊಂದೇ ಒಡೆಯುತ್ತದೆ, ಉಳಿದವು ಸುಮ್ಮನಿರುತ್ತವೆ. ಸಿನಿಮಾದಲ್ಲಿ ಇಡೀ ಕಟ್ಟಡಕ್ಕೆ ಒಟ್ಟಿಗೆ ಮಳೆ ಸುರಿಯುವುದನ್ನು ಕಂಡ ಮಾಲೀಕರು “ಸಾಮಾನೆಲ್ಲಾ ನೆನೆದು ಹಾಳಾಗಲ್ವಾ ಸಾರ್?” ಎಂದು ಹಿಂದೇಟು ಹಾಕುತ್ತಿದ್ದರು. ಆ ಭಯ ಬಿಡಿಸುವುದಕ್ಕೇ ನನ್ನ ಎಷ್ಟೋ ಮಧ್ಯಾಹ್ನಗಳು ಹೋಗಿವೆ.

ಬೋರ್ಡು ಹೋಗಿ ಕಂಪ್ಯೂಟರ್ ಬಂತು. ಪಟ್ಟಿಯ ಜಾಗಕ್ಕೆ ಹೈಡ್ರಾಲಿಕ್ ಲೆಕ್ಕ ಬಂತು. ಇದು ಮಳೆಯ ಲೆಕ್ಕವೇ. ಸಾಧಾರಣ ಅಪಾಯದ ಜಾಗಕ್ಕೆ ನಿಮಿಷಕ್ಕೆ 5 ಮಿಲಿಮೀಟರ್ ನೀರು ಬೀಳಬೇಕು, ಅಂದರೆ ಗಂಟೆಗೆ 300. ಬೆಂಗಳೂರಿನ ಜಡಿಮಳೆಯೂ ಇದರ ಹತ್ತಿರ ಸುಳಿಯದು. 12 ಚದರ ಮೀಟರಿಗೆ ನಿಮಿಷಕ್ಕೆ 60 ಲೀಟರ್ ಆಯಿತು. ಎಷ್ಟು ಒತ್ತಡಕ್ಕೆ ಎಷ್ಟು ನೀರು ಹೊರಡುತ್ತದೆ ಎಂದು ಹೇಳುವ ಸ್ಪ್ರಿಂಕ್ಲರಿನ ಕೆ ಸಂಖ್ಯೆ 80 ಇದ್ದರೆ, 60 ಲೀಟರ್ ಹೊರಡಿಸಲು ಅದರ ಬಾಯಲ್ಲಿ 0.56 ಬಾರ್ ಒತ್ತಡ ಇರಬೇಕು. ಪಂಪಿನಿಂದ ಅತಿ ದೂರದ ಮೂಲೆಯಲ್ಲಿ, ಒಟ್ಟಿಗೆ ತೆರೆದುಕೊಳ್ಳಬಹುದಾದಷ್ಟು ಸ್ಪ್ರಿಂಕ್ಲರ್ ತೆರೆದಾಗಲೂ ಈ ಒತ್ತಡ ಉಳಿಯಬೇಕು. ಅಲ್ಲಿಂದ ಪ್ರತಿ ಎಲ್ಬೋ, ಪ್ರತಿ ಟೀ ತಿನ್ನುವ ಒತ್ತಡವನ್ನು ಕೂಡಿಸುತ್ತಾ ಪಂಪಿನ ತನಕ ಹಿಂದಕ್ಕೆ ಬರಬೇಕು. ಕ್ಯಾಲ್ಕ್ಯುಲೇಟರಿನಲ್ಲಿ ಮೂರು ದಿನ ಹಿಡಿಯುತ್ತಿದ್ದದ್ದನ್ನು ಸಾಫ್ಟ್‌ವೇರ್ ಕ್ಷಣದಲ್ಲಿ ಮುಗಿಸಿತು. ಪೈಪು ತೆಳುವಾಯಿತು, ಖರ್ಚು ಇಳಿಯಿತು. ಜತೆಗೆ ಹೊಸ ಹುಡುಗರು ಸೈಟಿಗೆ ಹೋಗುವುದೂ ಕಮ್ಮಿಯಾಯಿತು.

2010ರ ಫೆಬ್ರವರಿ 23ರಂದು ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿತ್ತು. ಕಿಟಕಿ ಗಾಜು ಒಡೆದು ಜನ ಕೆಳಗೆ ಹಾರುವುದನ್ನು ಆಫೀಸಿನ ಪುಟ್ಟ ಟಿವಿಯಲ್ಲಿ ನೋಡುತ್ತಾ ನಾವ್ಯಾರೂ ಕೂತಲ್ಲಿಂದ ಏಳಲಿಲ್ಲ. ಒಂಬತ್ತು ಜನ ಸತ್ತರು. ವಿದ್ಯುತ್ ಡಕ್ಟಿನಲ್ಲಿ ಹುಟ್ಟಿದ ಹೊಗೆ ಮಹಡಿಯಿಂದ ಮಹಡಿಗೆ ಏರಿತ್ತು. ಪ್ರತಿ ಮಹಡಿಯಲ್ಲೂ ಕೇಬಲ್ ಹಾಯುವ ತೂತನ್ನು ಮುಚ್ಚದಿದ್ದರೆ, ಮೆಟ್ಟಿಲ ದಾರಿ ತೆರೆದಿರದಿದ್ದರೆ, ಸೂರಿನ ಸ್ಪ್ರಿಂಕ್ಲರ್ ಒಂದರಿಂದಲೇ ಜೀವ ಉಳಿಯದು. ಅದಾದ ಮೇಲೆ ಕೇಳುವವರ ದನಿಯೇ ಬದಲಾಯಿತು. ಸ್ಪ್ರಿಂಕ್ಲರಿಗೆಂದೇ ಇರುವ 2002ರ ಭಾರತೀಯ ಮಾನಕ ಐಎಸ್ 15105, 2005ರ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲೇ ಇದ್ದವು. ನಮ್ಮ ಗಿರಾಕಿಗಳು ಅವುಗಳ ಹೆಸರೆತ್ತಿದ್ದು ಆಗಲೇ.

ಚಂದ್ರಾ ಲೇಔಟೂ ಕಣ್ಣೆದುರೇ ಬದಲಾಯಿತು. 2015ರಲ್ಲಿ ಅತ್ತಿಗುಪ್ಪೆಗೆ ಮೆಟ್ರೊ ಬಂತು. ಮನೆಗಳಿದ್ದಲ್ಲಿ ಪಿಜಿ, ಕೋಚಿಂಗ್ ಸೆಂಟರ್, ನೆಲಮಹಡಿಯಲ್ಲಿ ಶೋರೂಮು. 2020ರ ನವೆಂಬರ್ 10ರಂದು ಮೈಸೂರು ರಸ್ತೆ ಬಳಿಯ ಹೊಸಗುಡ್ಡದಹಳ್ಳಿಯ ರಾಸಾಯನಿಕ ಗೋಡೌನು ಹೊತ್ತಿ ಉರಿದಾಗ ಕಪ್ಪು ಹೊಗೆಯನ್ನು ನಮ್ಮ ಟೆರೇಸಿನಿಂದಲೇ ನೋಡಿದೆ. ಮನೆಗಳ ನಡುವೆ ಸ್ಯಾನಿಟೈಸರಿಗೆ ಬೇಕಾದ ದ್ರಾವಕಗಳ ದಾಸ್ತಾನು. 2024ರ ನವೆಂಬರ್ 19ರಂದು ನವರಂಗ್ ಚಿತ್ರಮಂದಿರದ ಹತ್ತಿರದ ವಿದ್ಯುತ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಸತ್ತಳು. ಬಟ್ಟೆ ಇಟ್ಟ ಜಾಗಕ್ಕೆ ಹಾಕಿದ ಲೆಕ್ಕ ದ್ರಾವಕದ ಡ್ರಮ್ಮಿಗೆ ನಡೆಯದು, ಬ್ಯಾಟರಿಗಳ ರಾಶಿಗೂ ನಡೆಯದು. ಮೇಸ್ತ್ರಿ ತಲೆ ಎತ್ತಿ ನೋಡು ಅಂದಿದ್ದರು. ಇಷ್ಟು ವರ್ಷದ ಮೇಲೆ ನಾನು ಅದಕ್ಕೆ ಸೇರಿಸುವುದು ಇಷ್ಟೇ: ತಲೆ ತಗ್ಗಿಸಿಯೂ ನೋಡಬೇಕು. ಕೆಳಗೆ ಇಟ್ಟಿರುವುದು ಏನು?

ಹೋದ ತಿಂಗಳು ನಮ್ಮ ಬೀದಿಯ ಹಿಂದಿನ ಅಪಾರ್ಟ್‌ಮೆಂಟಿನವರು ಕರೆದರು. ತಳಮಹಡಿಯ ಸ್ಪ್ರಿಂಕ್ಲರುಗಳಿಗೆ ಹೊಸದಾಗಿ ಬಣ್ಣ ಹೊಡೆಸಿದ್ದೇವೆ, ಒಂದ್ಸಲ ನೋಡಿ ಹೋಗಿ ಎಂದು. ಬಲ್ಬುಗಳ ಮೇಲೂ ಬಣ್ಣ ಬಳಿದಿದ್ದರು. ಬಣ್ಣ ಕೂತ ಬಲ್ಬಿಗೆ ಕಾವು ಸರಿಯಾಗಿ ತಟ್ಟುವುದಿಲ್ಲ. ಒರೆಸಿದರೆ ಸಾಲದು, ಅಂಥವನ್ನು ಬದಲಾಯಿಸಲೇಬೇಕು. ಕೊನೆಯ ಸಾಲಿನ ತುದಿಯ ಟೆಸ್ಟ್ ವಾಲ್ವ್ ತೆರೆದೆ. ಸುಯ್ಯೆಂದು ಗಾಳಿ ಬಂತು, ಆಮೇಲೆ ಏನೂ ಇಲ್ಲ. ಪಂಪ್ ರೂಮಿಗೆ ಹೋಗಿ ನೋಡಿದರೆ ಮುಖ್ಯ ವಾಲ್ವ್ ಮುಚ್ಚಿತ್ತು. ಎಂದೋ ಸೋರಿಕೆ ರಿಪೇರಿಗೆ ಮುಚ್ಚಿದವರು ತೆರೆಯಲು ಮರೆತಿದ್ದರು.

ವಾಚ್‌ಮನ್ ಹುಡುಗನ ಕೈಯಲ್ಲೇ ವಾಲ್ವಿನ ಚಕ್ರ ತಿರುಗಿಸಿದೆ. ಪೂರ್ತಿ ತೆರೆದ ಮೇಲೆ ಸರಪಳಿ ಹಾಕಿ ಬೀಗ ಹಾಕಿಸಿದೆ, ಮತ್ತೆ ಯಾರೂ ಮುಚ್ಚದಂತೆ. ಇಬ್ಬರೂ ಟೆಸ್ಟ್ ವಾಲ್ವ್ ಹತ್ತಿರ ಬಂದು ನಿಂತೆವು. ಮೊದಲು ಕಪ್ಪು ನೀರು ಬಂತು, ಕಬ್ಬಿಣದ ವಾಸನೆ. ಆಮೇಲೆ ತಿಳಿಯಾಯಿತು. ಸ್ವಲ್ಪ ಹೊತ್ತಿಗೆ ಪಂಪ್ ರೂಮಿನ ಕಡೆಯಿಂದ ಗಂಟೆ ಬಡಿಯತೊಡಗಿತು. ಹುಡುಗ ತಲೆ ಎತ್ತಿ, ಗಂಟೆಯ ಸದ್ದು ಬರುತ್ತಿದ್ದ ಕಡೆಯ ತನಕ ಪೈಪು ಹೋದ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸುತ್ತಿದ್ದ.