ಕರಾಮದ ಮನೆಯಲ್ಲಿ ಕೊಡಗಿನ ಮಳೆ

2018ರ ಆಗಸ್ಟ್ ಇರಬೇಕು, ಹೌದು, ಅದೇ ವರ್ಷ. ದುಬೈಯ ಕರಾಮದಲ್ಲಿ ನಮ್ಮ ಬಾಡಿಗೆ ಮನೆ. ಆ ತಿಂಗಳ ಸೆಕೆ ಎಂಥದ್ದೆಂದರೆ, ಕಟ್ಟಡದ ಬಾಗಿಲು ದಾಟಿದ ಕೂಡಲೇ ಕನ್ನಡಕಕ್ಕೆ ಮಂಜು ಹಿಡಿಯುತ್ತಿತ್ತು. ಒಳಗೆ ಮಾತ್ರ ಎಲ್ಲರ ಫೋನಿನಲ್ಲೂ ಮಳೆ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಒಂದೊಂದು ಊರಿನ ಗುಡ್ಡವೂ ಕಾಫಿ ಗಿಡ, ಮನೆ, ಹಟ್ಟಿ ಸಮೇತ ಕೆಳಗೆ ಬರುತ್ತಿತ್ತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕಡಿದೇ ಹೋಗಿತ್ತು.

ನನ್ನವಳು ಸುಳ್ಯದ ಕಡೆಯವಳು. ಅವಳ ಚಿಕ್ಕಮ್ಮನ ಮನೆ ಜೋಡುಪಾಲದಲ್ಲಿ. ಅವರೆಲ್ಲ ಉಟ್ಟ ಬಟ್ಟೆಯಲ್ಲೇ ಇಳಿದು ಬಂದು ಕಲ್ಲುಗುಂಡಿಯ ಗಂಜಿಕೇಂದ್ರ ಸೇರಿದ್ದರು.

ಎರಡೇ ದಿನದಲ್ಲಿ ನಮ್ಮ ಹಾಲ್ ಹಳೆಬಟ್ಟೆಯಿಂದ ತುಂಬಿತು. ಯಾರು ಹೇಳಿದರೋ, ಹೇಗೆ ಶುರುವಾಯಿತೋ ನೆನಪಿಲ್ಲ. ಸಂಜೆಯಾದರೆ ಹೆಂಗಸರು ಚೀಲ ಹೊತ್ತು ಬರುತ್ತಿದ್ದರು. ಅವರಲ್ಲಿ ಸೋಮವಾರಪೇಟೆಯ ಒಬ್ಬ ಅಕ್ಕ. ನರ್ಸ್ ಕೆಲಸ, ರಾತ್ರಿಪಾಳಿ. ಹಾಲು ಹಾಕದ ಬೆಲ್ಲದ ಕಾಫಿ ಲೋಟದ ತುಂಬ ಕುಡಿಯದೆ ಬಾಯಿ ಬಿಡುವವರಲ್ಲ. ಕುಡಿದ ಮೇಲೆ ಯಾರಿಗೂ ಬಾಯಿ ಬಿಡಲು ಕೊಡುವವರೂ ಅಲ್ಲ.

ರಾಶಿ ನೋಡಿ ಅಕ್ಕ ಕೇಳಿದ್ದು ಒಂದೇ: "ಅಲ್ಲಿಯವರನ್ನು ಕೇಳಿದಿರಾ?"

ಚಿಕ್ಕಮ್ಮನಿಗೆ ಫೋನ್ ಹೋಯಿತು. "ಬಟ್ಟೆ ಬೇಡ ಮಗಳೇ, ಜರಿಸೀರೆ ಕೂಡ ಬಂದು ಬಿದ್ದಿದೆ. ಒಳಲಂಗ ಇಲ್ಲ. ಹಂಚುವವರೆಲ್ಲ ಹುಡುಗರು, ಅವರ ಹತ್ತಿರ ಎಂತ ಹೇಳಿ ಕೇಳುವುದು?" ಆಮೇಲೆ ದನಿ ತಗ್ಗಿಸಿ ಇನ್ನಷ್ಟು ಹೇಳಿದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಅಂದಿನಿಂದ ಅಕ್ಕನ ನೋಟ್‌ಬುಕ್ಕಿನದೇ ಕಾರುಬಾರು. ಕೇಂದ್ರದಲ್ಲಿದ್ದ ಹೆಂಗಸರ ಹೆಸರು, ಎದುರಿಗೆ ಒಳಉಡುಪಿನ ಅಳತೆ, ಪ್ಯಾಡು, ನೈಟಿ, ಬಿಪಿ ಮಾತ್ರೆಯ ಹೆಸರು, ಓದುವ ಕನ್ನಡಕದ ನಂಬರು. ದುಬೈಯಲ್ಲಿ ಅನುಮತಿಯಿಲ್ಲದೆ ಚಂದಾ ಎತ್ತುವ ಹಾಗಿಲ್ಲ, ಕಾನೂನು ಬಿಗಿ. ಹಾಗಾಗಿ ಡಬ್ಬಿ ಇಡಲಿಲ್ಲ, ರಸೀದಿ ಹರಿಯಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ತವರಿಗೆ ಹಣ ಕಳಿಸಿದರು. ಅಲ್ಲಿ ಅಣ್ಣನೋ ಅತ್ತಿಗೆಯೋ ಸುಳ್ಯದ ಅಂಗಡಿಯಿಂದ ಸಾಮಾನು ಕೊಂಡು ಜೀಪಿಗೆ ಹಾಕಿಸಿದರು. ಬಕ್ರೀದ್, ವರಮಹಾಲಕ್ಷ್ಮಿ, ಓಣಂ ಆ ಸಲ ಒಂದೇ ವಾರದಲ್ಲಿ ಬಿದ್ದಿದ್ದವು. ಹಬ್ಬದ ಸೀರೆಯ ದುಡ್ಡು ಅತ್ತ ಹೋಯಿತು. ಸುಂಟಿಕೊಪ್ಪದ ಬ್ಯಾರಿ ತಂಗಿಯೊಬ್ಬಳು ಬಿರಿಯಾನಿ ತಂದಿದ್ದಳು. ಕಾಳುಮೆಣಸು ಅವಳ ಅಮ್ಮ ಕಳಿಸಿದ್ದಂತೆ, ಎಂಥ ಖಾರ! ಮೂಗು ಒರೆಸಿಕೊಳ್ಳುತ್ತ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಅವಳೊಬ್ಬಳು ಮಾತ್ರ ತಟ್ಟೆ ಮುಟ್ಟಲಿಲ್ಲ. ಅಮ್ಮನ ಫೋನು ಆ ದಿನ ಸಿಕ್ಕಿರಲಿಲ್ಲ. ಮರುದಿನ ಸಿಕ್ಕಿತು.

ಮಳೆ ನಿಂತಿತು. ಪೇಪರಿನವರು ಬೇರೆ ಸುದ್ದಿಗೆ ಹೋದರು. ಅಕ್ಕನ ಫೋನು ನಿಲ್ಲಲಿಲ್ಲ. ನವೆಂಬರ್ ಹೊತ್ತಿಗೆ ಕಾಫಿ ಕೊಯ್ಲು ಶುರುವಾಗಬೇಕಿತ್ತು. ತೋಟವೇ ಜಾರಿಹೋದ ಮೇಲೆ ಕೂಲಿ ಎಲ್ಲಿಂದ? ಏನು ಬೇಕೆಂದು ಮತ್ತೆ ಕೇಳಿದಾಗ ಅಲ್ಲಿಯ ಹೆಂಗಸರಲ್ಲಿ ಕೆಲವರು ಹೊಲಿಗೆಯಂತ್ರ ಎಂದರು. ಗಂಡಸರೆಲ್ಲ, ನಾನೂ ಸೇರಿ, ಅಕ್ಕಿಯನ್ನೇ ಕಳಿಸೋಣ ಅಂದೆವು. ಅಕ್ಕ ಒಪ್ಪಲಿಲ್ಲ. "ಅಕ್ಕಿ ಉಂಡು ಮುಗಿಯುತ್ತದೆ. ಯಂತ್ರವೇ ಇರಲಿ. ಬಿಲ್ಲು ಮಾತ್ರ ಹೊಲಿಯುವವಳ ಹೆಸರಿಗೇ ಆಗಬೇಕು, ಗಂಡನ ಹೆಸರಿಗೆ ಬೇಡ." ಯಂತ್ರದ ಜೊತೆಗೆ ಕತ್ತರಿ, ಅಳತೆ ಟೇಪು, ನೂಲಿನ ಉಂಡೆ, ಆರು ತಿಂಗಳು ಕಲಿಸಲು ಮಡಿಕೇರಿಯ ಒಬ್ಬ ದರ್ಜಿ ಹೆಂಗಸು, ಅವರ ಬಸ್ ಚಾರ್ಜು, ಎಲ್ಲವೂ ಲೆಕ್ಕದಲ್ಲಿತ್ತು. ಮಡಿಕೇರಿಯಿಂದ ಅವರು ಹೇಗೆ ಬರುತ್ತಿದ್ದರೋ, ರಸ್ತೆ ಆಗ ಪೂರ್ತಿ ತೆರೆದಿತ್ತೋ, ಮರೆತಿದ್ದೇನೆ.

ಚಿಕ್ಕಮ್ಮ ಅರವತ್ತರ ಮೇಲೆ ಪೆಡಲ್ ತುಳಿಯಲು ಕಲಿತರು. ಮೊದಲು ಹೊಲಿದದ್ದು ತಲೆದಿಂಬಿನ ಚೀಲ. ಜೂನ್ ಬರುವಾಗ ಶಾಲೆಯ ಸಮವಸ್ತ್ರ ಹೊಲಿಯುವಷ್ಟು ಕೈ ಕೂಡಿತ್ತು. ಕಾಜಾ ಮಾತ್ರ ಕೊನೆವರೆಗೂ ಸೊಸೆಯದೇ.

2019ರ ಆಗಸ್ಟಿನಲ್ಲಿ ಮತ್ತೆ ಅದೇ ಮಳೆ. ಕೊಡಗಿನಲ್ಲಿ ತೋರ ಗ್ರಾಮದ ಗುಡ್ಡ ಕುಸಿಯಿತು, ಅತ್ತ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿತು. ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಅಕ್ಕ ನಮ್ಮ ಮನೆಗೇ ಬಂದರು. ಕಾಫಿ ಇನ್ನೂ ಒಲೆಯ ಮೇಲಿತ್ತು.

"ಗೋಕಾಕದವರು ಯಾರಾದರೂ ಗೊತ್ತಾ ನಿಮಗೆ?" ಎಂದರು. "ಹೆಂಗಸರ ನಂಬರೇ ಬೇಕು."